ಮೇಲಿನ ಮನೆಯ ನೀರು, ನನ್ನ ಒಂದೆಲಗ

ಗಂಡ ತೀರಿಕೊಂಡ ಮೇಲೆ ಮುಲುಂಡಿನ ಮನೆಯಲ್ಲಿ ನಾನೊಬ್ಬಳೇ. ಮಕ್ಕಳಿಲ್ಲ. ಇದೇ ಮಹಾನಗರದ ಆಂಟಾಪ್ ಹಿಲ್‌ನಲ್ಲಿರುವ ಅತ್ತಿಗೆ ಒಮ್ಮೆ ಊರಿನಿಂದ ಬರುವಾಗ ಒದ್ದೆ ಪೇಪರಿನಲ್ಲಿ ಸುತ್ತಿ ಬೇರುಸಹಿತ ಒಂದೆಲಗ ತಂದುಕೊಟ್ಟಳು. ನಾವು ತುಳುವಿನಲ್ಲಿ ತಿಮರೆ ಅನ್ನುತ್ತೇವೆ. ಊರಲ್ಲಿ ಗದ್ದೆಯ ಬದುವಿನಲ್ಲಿ, ತೋಡಿನ ಅಂಚಿನಲ್ಲಿ ಯಾರೂ ನೆಡದೆ ಹಬ್ಬುವ ಗಿಡ. ಇಲ್ಲಿ ಎರಡು ದಿನ ನೀರು ತಪ್ಪಿದರೂ ಎಲೆ ಮುದುಡುತ್ತಿತ್ತು.

ಮಲಗುವ ಕೋಣೆಯ ಕಿಟಕಿಯ ಗ್ರಿಲ್ ಮೇಲೆ ಮೇಲಿನ ಮನೆಯ ಎಸಿಯ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗೇ ಹಳೆಯ ಟಬ್ ಇಟ್ಟು, ಮಣ್ಣು ತುಂಬಿ ಗಿಡ ನೆಟ್ಟೆ. ಅದು ಬಳ್ಳಿ ಬಿಟ್ಟು, ಗಂಟುಗಂಟಿಗೆ ಬೇರೂರಿ, ಟಬ್ಬಿನ ಅಂಚು ದಾಟಿ ಇಳಿಯಿತು. ಮಧ್ಯಾಹ್ನ ಆ ತೊಟ್ಟಿನ ಸದ್ದು ಕೇಳುತ್ತಾ ಮಲಗುತ್ತಿದ್ದೆ. ಮೇಲಿನವರ ಮುಖ ಮಾತ್ರ ಸರಿಯಾಗಿ ನೋಡಿರಲಿಲ್ಲ.

ಈ ಬೇಸಗೆಯಲ್ಲಿ ಅತ್ತಿಗೆಯ ಮನೆಯಲ್ಲಿ ಒಂದಷ್ಟು ದಿನ ಇದ್ದು ಬಂದಾಗ ಟಬ್ಬಿನ ಮಣ್ಣು ಬಿರುಕು ಬಿಟ್ಟಿತ್ತು. ಅಷ್ಟು ಸೆಕೆಯಲ್ಲೂ ಮೇಲಿನಿಂದ ಒಂದು ಹನಿ ಇಲ್ಲ. ನಾನು ಕೈಯಾರೆ ನೀರು ಹಾಕತೊಡಗಿದೆ. ಆದರೂ ಹನಿ ಯಾಕೆ ನಿಂತಿತೆಂದು ತಿಳಿಯದೆ ಸಮಾಧಾನವಾಗಲಿಲ್ಲ. ಒಂದು ಭಾನುವಾರ ಮೇಲೆ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದ ಗಂಡಸಿನ ಬಳಿ ಹಿಂದಿಯಲ್ಲಿ ಎಸಿ ನೀರಿನ ಬಗ್ಗೆ ಕೇಳಿದೆ. ಅವರು ಒಳಗೆ ತಿರುಗಿ ಹೆಂಡತಿಗೆ ಹೇಳಿದರು: "ಕೆಳಗಿನ ಮನಿಯವರು ಬಂದಾರ. ಎಸಿ ನೀರಿಂದು ಏನೋ ಕೇಳಾಕತ್ತಾರ."

ನಾನು ಹಿಂದಿ ಬಿಟ್ಟು ಕೇಳಿದೆ.

"ನೀವು ಕನ್ನಡದವರಾ?"

"ಹೌದ್ರಿ, ಬಾಗಲಕೋಟಿ ಕಡೆಯವರು. ನೀರು ಬೀಳತೈತಂತ ಬೈಯಾಕ ಬಂದ್ರೇನು?"

"ಅಲ್ಲ. ಈಗ ಬೀಳುದಿಲ್ಲ ಅಲ್ಲಾ, ಯಾಕಂತ ಕೇಳ್ಲಿಕ್ಕೆ ಬಂದದ್ದು."

ಅವರು ಒಳಗಿನ ಮುಚ್ಚಿದ ಕೋಣೆಯತ್ತ ನೋಡಿದರು. "ಎಸಿ ನಮ್ಮ ಅವ್ವನ ಸಲುವಾಗಿ ಹಾಕಿಸಿದ್ದು. ಹಾಸಿಗಿ ಹಿಡಿದಿದ್ಲು. ಹೋದ ತಿಂಗಳ ತೀರಿಕೊಂಡ್ಲು. ಆ ಖೋಲಿ ಈಗ ಹಂಗೇ ಐತಿ."

ನಾನು ಮನೆಯಲ್ಲಿಲ್ಲದ ದಿನಗಳಲ್ಲೇ ಅದೆಲ್ಲ ಮುಗಿದಿತ್ತು. ಅವರ ಹೆಂಡತಿ ಹಿಂದಿನಿಂದ ಮೆಲ್ಲಗೆ ಹೇಳಿದಳು: "ನಾವಿಬ್ಬರೂ ಕೆಲಸಕ್ಕ ಹೋಗತೀವಿ. ಹುಡುಗರು ಬರೇ ಹಿಂದಿ. ಮಾತಾಡಾಕ ಯಾರೂ ಇಲ್ಲಂತ ಅತ್ತಿ ಭಾಳ ಹಲುಬತಿದ್ರು."

ನಾನು ಇಳಿದು ಬಂದೆ. ಎಷ್ಟೋ ಮಧ್ಯಾಹ್ನ ಅವರ ಅವ್ವನೂ ನಾನೂ ಒಂದೇ ಸ್ಲ್ಯಾಬಿನ ಮೇಲೊಬ್ಬರು ಕೆಳಗೊಬ್ಬರು ಮಲಗಿದ್ದೆವು.

ಮಳೆ ಹಿಡಿದ ಮೇಲೆ ಗಿಡ ಮತ್ತೆ ಚಿಗುರಿತು. ಒಂದು ಬೆಳಿಗ್ಗೆ ಎಲೆ ಕೊಯ್ದು, ಕಾಯಿ ಹಾಕಿ ಚಟ್ನಿ ರುಬ್ಬಿ ಡಬ್ಬಿಯಲ್ಲಿ ಮೇಲೆ ಒಯ್ದೆ. ಆ ಮನೆಯಾಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. "ಲೋಕಲ್ ಟ್ರೇನ್ ತಪ್ಪತೈತ್ರಿ, ಇನ್ನೊಮ್ಮೆ ಕುಂದ್ರೋಣು," ಎಂದು ಡಬ್ಬಿ ಒಳಗಿಟ್ಟು ಬೀಗ ಹಾಕಿದಳು.

ಎರಡು ದಿನದ ಮೇಲೆ ತೊಳೆದ ಡಬ್ಬಿ ಒಂದು ಚೀಲದಲ್ಲಿ ನನ್ನ ಬಾಗಿಲ ಹಿಡಿಗೆ ತೂಗುತ್ತಿತ್ತು. ಒಳಗೆ ಶೇಂಗಾ ಚಟ್ನಿಪುಡಿ ತುಂಬಿದ್ದರು. ಮಧ್ಯಾಹ್ನ ಗಂಜಿಗೆ ಅದನ್ನೇ ನೆಂಚಿಕೊಂಡು ಉಂಡೆ.