ಬ್ಲಾಜೆಟ್ ವಕೀಲರು ಗೆದ್ದ ಮೊಕದ್ದಮೆ

ಬೆಲ್‌ಫೋರ್ಡ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಆರಿನ್ ಬ್ಲಾಜೆಟ್ ಮೊದಲ ಕೋಚ್. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಅದು. ಆ ಕಾಲದ ಕೋಚ್ ಹುಡುಗರಿಗೆ ಕಲಿಸಬೇಕು, ಒಬ್ಬ ಕಡಿಮೆ ಬಿದ್ದರೆ ತಾನೇ ಇಳಿದು ಆಡಬೇಕು, ಆಟ ಮುಗಿದ ಮೇಲೆ ಸೊಟ್ಟಗಾದ ಮೂಗುಗಳನ್ನು ನೆಟ್ಟಗೆ ಮಾಡಬೇಕು. ಉಳಿದ ಹೊತ್ತಿನಲ್ಲಿ ಬ್ಲಾಜೆಟ್ ಕಾನೂನು ಓದುತ್ತಿದ್ದ. ನೆಬ್ರಾಸ್ಕದ ಆ ಊರು ಅವನ ಗೆಲುವುಗಳನ್ನೆಲ್ಲ ಮರೆತು ಒಂದೇ ಒಂದು ಸೋಲನ್ನು ಜತನವಾಗಿ ಇಟ್ಟುಕೊಂಡಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಪಕ್ಕದ ಕೌಂಟಿಯ ಮೆರಿಟನ್ ಕಾಲೇಜಿನ ಎದುರು, ಅವನ ತಂಡದ ಎಮಿಲ್ ಸ್ಟೋಕೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಗೆಲುವಿನ ಗೆರೆಯವರೆಗೂ ಓಡಿ, ಅಲ್ಲಿ ಬೀಳಿಸಿದ. ಮೆರಿಟನ್ನಿನವರು ಎತ್ತಿಕೊಂಡು ಓಡಿ ಗೆದ್ದರು. ಅದಾದ ಮೇಲೆ ಬ್ಲಾಜೆಟ್ ತಡಮಾಡದೆ ವಕೀಲನಾದ.

ಕೆಲವು ವರ್ಷ ಕಳೆದು ಎಮಿಲ್ ಅವನ ಕಚೇರಿಗೆ ಬಂದ. ಕ್ಷೌರದಂಗಡಿಯಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ, "ಮಗು ಹುಟ್ಟಿದ್ಯಂತಲ್ಲೋ. ನೀನು ಮಾತ್ರ ಎತ್ಕೋಬೇಡಪ್ಪ!" ಎಂದಿದ್ದನಂತೆ. ಈಗ ಗುಮಾಸ್ತನ ದವಡೆ ಮುರಿದಿತ್ತು, ಎಮಿಲ್ ಮೇಲೆ ಮೊಕದ್ದಮೆ ಬಿದ್ದಿತ್ತು.

"ಮೊದ್ಲು ಕತ್ತರಿ ಹಿಡ್ಕೊಂಡು ಬಂದೋನು ಅವ್ನೇ, ಕೋಚ್. ಈ ಊರಲ್ಲಿ ನನ್ನ ಮಾತು ಯಾರು ನಂಬ್ತಾರೆ? ನಾನು ಜೈಲಿಗೆ ಹೋದ್ರೆ ಹೆಂಡ್ತಿ ಮಗು ಗತಿಯೇನು?"

ಕೋರ್ಟಿನಲ್ಲಿ ಬ್ಲಾಜೆಟ್ ತೀರ್ಪುಗಾರರಾಗಿ ಬಂದ ಊರಿನ ಹನ್ನೆರಡು ಜನರನ್ನೂ ಕೇಳಿದ: "ಆ ಪಂದ್ಯ ನೋಡಿದ್ರಾ?" ಎಲ್ಲರೂ ನೋಡಿದ್ದರು. "ಅವತ್ತು ಹಬ್ಬದ ಕೋಳಿ ಊಟಾನೇ ಸೇರ್ಲಿಲ್ಲ" ಎಂದ ಒಬ್ಬ ಮುದುಕ. ಇಲ್ಲಿ ನ್ಯಾಯ ಸಿಗುವುದಿಲ್ಲ, ವಿಚಾರಣೆ ಬೇರೆ ಕೌಂಟಿಗೆ ಹೋಗಲಿ ಎಂದು ಬ್ಲಾಜೆಟ್ ಬೇಡಿದ. ನ್ಯಾಯಾಧೀಶರೂ ಪಂದ್ಯ ನೋಡಿದವರೇ. ಮರುಮಾತಿಲ್ಲದೆ ಒಪ್ಪಿ ಮೆರಿಟನ್ನಿಗೆ ಕಳಿಸಿದರು.

ಎಮಿಲ್ ಬಿಳಿಚಿಕೊಂಡ. "ಅಲ್ಲಿಗೆ ಬೇಡ ಕೋಚ್. ಬೇಕಾದ್ರೆ ಜೈಲಿಗೇ ಹೋಗ್ತೀನಿ."

"ಹೆಂಡ್ತೀನ ಒಂದು ಮಾತು ಕೇಳ್ಕೊಂಡು ಬಾ."

ಕೇಳಿಕೊಂಡು ಬಂದವನು ನೇರವಾಗಿ ಮೆರಿಟನ್ನಿನ ರೈಲು ಹತ್ತಿದ.

ಮೆರಿಟನ್ನಿನ ತೀರ್ಪುಗಾರರು ಒಳಗೆ ಹೋದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೊರಗೆ ಬಂದರು. ನಿರಪರಾಧಿ. ಅವರ ಮುಖಂಡ ನೇರವಾಗಿ ಬಂದು ಎಮಿಲ್‌ನ ಕೈ ಹಿಡಿದುಕೊಂಡ. "ನಮ್ಮೂರಿಗೆ ನಿಮ್ಮಂಥ ಆಟಗಾರ ಇನ್ನೊಬ್ಬ ಸಿಗ್ಲಿಲ್ಲ ಸ್ವಾಮಿ." ಕೋರ್ಟೆಲ್ಲ ಚಪ್ಪಾಳೆ ತಟ್ಟಿತು. ನ್ಯಾಯಾಧೀಶರು ಸದ್ದಡಗಿಸಲು ಸುತ್ತಿಗೆ ಕುಟ್ಟಿದರು, ಚಪ್ಪಾಳೆಯ ತಾಳಕ್ಕೆ ಸರಿಯಾಗಿ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ. ಊರಿಗೆ ಹೋಗುವ ರೈಲಿನಲ್ಲಿ ಎಮಿಲ್ ತಲೆ ಎತ್ತಲೇ ಇಲ್ಲ. ಬ್ಲಾಜೆಟ್ ಅವನ ಹೆಗಲ ಮೇಲೆ ಕೈ ಹಾಕಿ, "ಬಿಡುಗಡೆ ಆಯ್ತಲ್ಲೋ" ಎಂದ.

ಎಮಿಲ್ ಕೇಳಿದ:

"ಕೋಚ್, ಇದರ ಮೇಲೆ ನಾವು ಅಪೀಲು ಹಾಕೋಕಾಗಲ್ವಾ?"