ಬೀಗರ ಅಂಗಡಿ ಎದುರಿನ ಸಂದು

ಇವತ್ತು ನನ್ನ ಮೊಮ್ಮಗಳು ನಮ್ಮ ಮನೆಗೆ ಬಂದಳು. ಆರತಿ ಎತ್ತಿ ಒಳಗೆ ಕರಕೊಂಡೆ. ದೃಷ್ಟಿ ತೆಗೆದೆ. ಆಮೇಲೆ ಬಚ್ಚಲಲ್ಲಿ ಕಾಲು ಚಾಚಿ ಕುಂತು, ಕಾಲ ಮೇಲೆ ಮಲಗಿಸಿಕೊಂಡು ನಾನೇ ಎರೆದೆ. ಹರಳೆಣ್ಣೆ ಹಚ್ಚಿ ತಿಕ್ಕಿದೆ, ಬಿಸಿನೀರು ಹುಯ್ದೆ. ಅಳಲಿಲ್ಲ ನೋಡ್ರಿ. ನೀರು ಬಿದ್ದಾಗ ಬಾಯಿ ತೆಗೆದು ಒಂದು ಉಸಿರು ಎಳಕೊಂಡು, ಇದ್ಯಾರು ಇವಳು ಅನ್ನೋ ಹಂಗೆ ನನ್ನ ಮುಖಾನೇ ನೋಡ್ತು. ನಾನು ನಿನ್ನಪ್ಪನ ಅವ್ವ ಕಣೇ ಅಂದೆ. ಕಾಲು ಝಾಡಿಸಿ ನನ್ನ ಸೀರೆಯೆಲ್ಲ ನೆನೆಸಿತು.

ಖುಷಿ ತಡಕೊಳ್ಳಾಕೆ ಆಗದೆ ಗಿರಣಿಗೆ ಜೋಳ ತಂದವರಿಗೆಲ್ಲ ಹೇಳಿದೆ. ಒಬ್ಬಾಕೆಗೆ ಎರಡು ಸಲ ಹೇಳಿದೆನಂತೆ. "ಅಜ್ಜಿ, ಆಗಲೇ ಹೇಳಿದ್ರಲ್ರೀ" ಅಂದಳು. "ಅದಕ್ಕೇನೀಗ, ಇನ್ನೊಂದು ಸಲ ಕೇಳು" ಅಂದೆ.

ಕೇಳಿದವರು ಮಗು ದೂರದಿಂದ ಬಂತು ಅಂದುಕೊಳ್ಳಬೇಕು. ಹಂಗಲ್ಲ. ಮಗು ಇಷ್ಟು ದಿನ ಇದ್ದದ್ದು ನಮ್ಮ ಮನೆ ಎದುರಿಗೆ, ರಸ್ತೆಯ ಆ ಕಡೆ. ನಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಅವರ ಬಾಗಿಲಿಗೆ ಕೇಳುತ್ತೆ. ಅಲ್ಲಿಂದ ಇಲ್ಲಿಗೆ ಬರಾಕೆ ಐದು ತಿಂಗಳು ಹಿಡೀತು. ಅದು ಸಂಪ್ರದಾಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಐದು ತಿಂಗಳಲ್ಲಿ ನನಗೆ ಆದದ್ದು ಸಂಪ್ರದಾಯ ಅಲ್ಲ. ಅದನ್ನೇ ಬರೀತಿದೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದ್ರಿ.

ನಮ್ಮದು ಹಿಟ್ಟಿನ ಗಿರಣಿ. ನಮ್ಮ ಯಜಮಾನರು ಹಾಕಿದ್ದು, ಈಗ ಮಗ ನಡೆಸ್ತಾನೆ. ಎದುರಿಗೆ ಸಿಮೆಂಟು, ಕಬ್ಬಿಣ, ಪೈಪು ಮಾರೋ ಅಂಗಡಿ. ಅಂಗಡಿ ಮೇಲೆ ಅವರ ಮನೆ. ಅವರೇ ನಮ್ಮ ಬೀಗರು. ಅವರ ಮಗಳನ್ನ ನನ್ನ ಮಗನಿಗೆ ತಂದುಕೊಂಡೆವು. ಚನ್ನಗಿರಿ ಕಡೆಯಿಂದ, ಜಗಳೂರು ಕಡೆಯಿಂದ ಸಂಬಂಧ ಬಂದಿದ್ದವು. ಎದುರು ಮನೆ ಹುಡುಗಿ ಸಾಕು ಅಂದವಳು ನಾನೇ. ಕಣ್ಣ ಮುಂದೆ ಬೆಳೆದ ಹುಡುಗಿ, ತಾಯಿ ಇಲ್ಲದ ಹುಡುಗಿ. ಅಪ್ಪನ ಕಣ್ಣಿಗೂ ಕಾಣ್ತಾ ಇರ್ತಾಳೆ, ನಮಗೂ ಮಗಳಾಗ್ತಾಳೆ ಅಂತ.

ಮದುವೆ ದಿನ ಬೀಗರು ಎಲ್ಲರ ಮುಂದೆ, "ಬೀಗಿತ್ತಿ, ನಿಮ್ಮ ಸೊಸೆ ಮುನಿಸ್ಕಂಡ್ರೆ ಬಸ್ ಚಾರ್ಜೂ ಇಲ್ಲದಂಗೆ ತವರಿಗೆ ಬರ್ತಾಳೆ ನೋಡ್ರಿ" ಅಂದರು.

"ಬರ್ಲಿ ಬಿಡ್ರಿ" ಅಂದೆ. "ನಿಮ್ಮ ಮನೆ ಸಾರು ಒಂದು ಹೊತ್ತು ಉಂಡ್ರೆ ಸಂಜೆಗೆ ತಾನೇ ಓಡಿ ಬರ್ತಾಳೆ."

ಅವತ್ತು ಚಪ್ಪರದಲ್ಲಿ ಎಲ್ಲರೂ ನಕ್ಕರು. ಆಗ ರಸ್ತೆ ಅಂದರೆ ನಮಗೆ ಅಂಗಳ ಇದ್ದ ಹಂಗೆ. ಸುಗ್ಗಿಯಲ್ಲಿ ಅರ್ಧ ರಸ್ತೆ ಮೆಕ್ಕೆಜೋಳ ಒಣಗ್ತಿತ್ತು, ಇನ್ನರ್ಧದಲ್ಲಿ ಹೊನ್ನಾಳಿ ಬಸ್ಸು ಹಾರ್ನ್ ಹೊಡಕೊಂಡು ಹೋಗ್ತಿತ್ತು. ಆ ಕಡೆಯವರು ಜೋಳದ ಪುಟ್ಟಿ ತಲೆ ಮೇಲೆ ಇಟ್ಟುಕೊಂಡು ದಾಟಿ ಬಂದು ಹಿಟ್ಟು ಬೀಸಿಸ್ತಿದ್ದರು. ಸೊಸೆ ಒಗ್ಗರಣೆ ಹಾಕಿ ಎದುರು ಮನೆಗೆ ಪಲ್ಯ ಕೊಟ್ಟು ಬರೋ ಹೊತ್ತಿಗೆ ಇಲ್ಲಿ ಅನ್ನ ಉಕ್ಕಿರ್ತಿರಲಿಲ್ಲ.

ನಮ್ಮೂರು ಪಟ್ಟಣ ಆಯ್ತು. ಎಲ್ಲರಿಗೂ ಸಂತೋಷ, ನನಗೂ. ರಸ್ತೆ ಅಗಲ ಮಾಡ್ತೀವಿ, ನಡುವೆ ಡಿವೈಡರ್ ಹಾಕ್ತೀವಿ, ದೀಪದ ಕಂಬ ನೆಡ್ತೀವಿ ಅಂದರು. ನಮ್ಮ ಗಿರಣಿ ಮುಂದಿನ ಕಟ್ಟೆ ಒಡೆದರು. ಬೀಗರ ಅಂಗಡಿ ಮುಂದಿನ ಚಪ್ಪರಾನೂ ತೆಗೆದರು. ಊರಿಗೆ ಒಳ್ಳೇದಾಗ್ಲಿ ಅಂತ ಇಬ್ಬರೂ ಸುಮ್ಮನಿದ್ದೆವು. ಜನ ದಾಟಾಕೆ ಅಲ್ಲಲ್ಲಿ ಸಂದು ಬಿಡ್ತೀವಿ, ಎಲ್ಲೆಲ್ಲಿ ಬೇಕು ಅಂತ ಊರವರನ್ನೇ ಕೇಳ್ತೀವಿ ಅಂತಾನೂ ಹೇಳಿದರು. ಕೇಳಿದರು ಕೂಡ. ಅದಕ್ಕೆ ಸುಳ್ಳು ಹೇಳಬಾರದು.

ರಸ್ತೆ ಕೆಲಸ ನೋಡಿಕೊಳ್ಳೋ ಸಾಹೇಬರು, ಚಿಕ್ಕ ವಯಸ್ಸಿನವರು, ಒಂದು ದಿನ ಬಂದು ನಮ್ಮ ಗಿರಣಿ ಎದುರು ರಸ್ತೆ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿಸಿದರು. "ಅಜ್ಜಿ, ಇಲ್ಲೊಂದು ಸಂದು ಬಿಡಾಣ ಅಂತೀವಿ. ಎರಡೂ ಕಡೆಯವರು ಒಪ್ಪಬೇಕು. ನೀವೇನಂತೀರಿ?"

ಸೊಸೆಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ತಾಯಿ ಇಲ್ಲ, ಚಿಕ್ಕಮ್ಮ ಒಬ್ಬಳಿದಾಳೆ. ಅಡುಗೆ ಮಾಡ್ತಾಳೆ, ಎಳೆಕೂಸು ಮುಟ್ಟಾಕೆ ಹೆದರ್ತಾಳೆ. ಅದಕ್ಕೆ ನಾನು ಬೀಗರಿಗೆ ಮಾತು ಕೊಟ್ಟಿದ್ದೆ, ಬಾಣಂತಿಗೂ ಮಗುವಿಗೂ ದಿನಾ ನಾನೇ ಬಂದು ಎರೀತೀನಿ ಅಂತ. ಈ ಬೀದಿಯ ಬಹಳ ಕೂಸುಗಳು ನನ್ನ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡವೇ. ನನ್ನ ಸ್ವಂತ ಮೊಮ್ಮಗುವಿಗೆ ಎರೆಯೋದು ನನ್ನ ಬಹಳ ದಿನದ ಆಸೆ. ಸಂದು ಬೇಕೇ ಬೇಕು ಅಂತ ಸಾಹೇಬರಿಗೆ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಗಂಡಿನ ಕಡೆಯವರು ಮೊದಲು ಮಾತಾಡಿಬಿಟ್ಟರೆ ಹೆಣ್ಣಿನ ಕಡೆಯವರ ಬಾಯಿ ಕಟ್ಟಿದ ಹಂಗೆ. ಬೀಗರಿಗೆ ಮರ್ಯಾದೆ ಇರಲಿ ಅಂತ, "ನಮ್ಮನ್ನೇನು ಕೇಳ್ತೀರಿ ಸ್ವಾಮಿ, ಎದುರಿಗಿರೋರು ನಮ್ಮ ಬೀಗರು. ಅವರು ಹೆಂಗಂತಾರೋ ಹಂಗೆ" ಅಂದೆ. ಸಾಹೇಬರು ದಾಟಿ ಆ ಕಡೆ ಹೋದರು. ಬೀಗರು ಕುರ್ಚಿ ಹಾಕಿ ಕೂರಿಸಿದ್ದು ಕಾಣ್ತು. ಟೀ ತರಿಸಿದ್ದೂ ಕಾಣ್ತು. ನನಗೆ ಎಷ್ಟು ಹೆಮ್ಮೆ ಆಗಿತ್ತು ಅವತ್ತು.

ಒಂದು ಬೆಳಿಗ್ಗೆ ಕ್ರೇನ್ ಬಂದು ಸಿಮೆಂಟಿನ ಬ್ಲಾಕು ಇಳಿಸ್ತಾ ಬಂತು. ಕೆಂಪು ಗುರುತಿನ ಹತ್ತಿರ ನಿಲ್ಲುತ್ತೆ ಅಂತ ನೋಡ್ತಾ ನಿಂತಿದ್ದೆ. ನಿಲ್ಲಲಿಲ್ಲ. ಗುರುತಿನ ಮೇಲೇ ಬ್ಲಾಕು ಕುಂತವು.

"ಬೀಗ್ರೇ, ಸಂದು ಮುಚ್ತಿದಾರಲ್ರೀ" ಅಂತ ಈ ಕಡೆಯಿಂದ ಕೂಗಿದೆ.

"ಸರ್ಕಾರದೋರು ಬೀಗಿತ್ತಿ, ನಮ್ಮ ಮಾತು ಎಲ್ಲಿ ಕೇಳ್ತಾರೆ" ಅಂತ ಆ ಕಡೆಯಿಂದ ಕೈ ಆಡಿಸಿದರು.

ನಂಬಿದೆ. ಸರ್ಕಾರದವರು ಮಾತು ಕೇಳಲ್ಲ ಅಂದರೆ ಯಾರು ನಂಬಲ್ಲ ಹೇಳ್ರಿ.

ಆಮೇಲೆ ಊರು ಎರಡು ಊರಾಯ್ತು. ಆ ಕಡೆಯವರು ಆ ಕಡೆ ಅಂಗಡಿಗೆ, ಈ ಕಡೆಯವರು ಈ ಕಡೆ ಅಂಗಡಿಗೆ. ಆ ಕಡೆಯ ಗಿರಾಕಿಗಳು ಪುಟ್ಟಿ ಹೊತ್ತು, ಡಿವೈಡರ್ ಮುಗಿಯೋ ಸರ್ಕಲ್ ತನಕ ನಡೆದು ಸುತ್ತಿ ಯಾಕೆ ಬರ್ತಾರೆ? ಪ್ಯಾಕೆಟ್ ಹಿಟ್ಟು ತಗೊಂಡರು. ಚನ್ನಗಿರಿಗೆ ಹೋಗೋ ಬಸ್ಸು ಆ ಕಡೆ ನಿಲ್ಲುತ್ತೆ, ಚನ್ನಗಿರಿಯಿಂದ ಬರೋದು ಈ ಕಡೆ ನಿಲ್ಲುತ್ತೆ. ವಯಸ್ಸಾದವರು ಹೋಗಿ ಬಂದು ಮಾಡೋದೇ ಬಿಟ್ಟರು. ಹರೆಯದ ಹುಡುಗರು ಹಾರ್ತಾರೆ. ಕಾರಿನವರಿಗೆ ಚಂದ ಆಯ್ತು, ನಿಲ್ಲದೆ ಹೋಗ್ತಾರೆ.

ಹೆರಿಗೆ ಆಯ್ತು. ಹೆಣ್ಣು ಮಗು. ನಾನು ದಿನಾ ಸರ್ಕಲ್ ತನಕ ನಡೆದು, ಅಲ್ಲಿ ದಾಟಿ, ಅಷ್ಟೇ ದೂರ ವಾಪಸ್ ನಡೆದು ಬೀಗರ ಮನೆ ಮೆಟ್ಟಿಲು ಹತ್ತಿ ಎರೆದು ಬರ್ತಿದ್ದೆ. ಒಂದು ದಿನ ಕಾಲು ಹೇಳಿದ ಮಾತು ಕೇಳಲಿಲ್ಲ. ಹತ್ತೇಬಿಡಾಣ ಅಂತ ಎಣ್ಣೆ ಗಿಂಡಿ ಸೆರಗಲ್ಲಿ ಕಟ್ಟಿಕೊಂಡು ಡಿವೈಡರ್ ಮೇಲೆ ಕಾಲು ಹಾಕಿದೆ. ಒಂದು ಕಾಲು ಆ ಕಡೆ ಹೋಯ್ತು, ಇನ್ನೊಂದು ಬರಲಿಲ್ಲ. ಕುದುರೆ ಮೇಲೆ ಕುಂತವಳ ಹಂಗೆ ಕುಂತೆ. ನ್ಯಾಮತಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡ್ತಾ, "ಅಜ್ಜಿ, ಆ ಕಡೆ ಇಳಿತೀಯೋ ಈ ಕಡೆಯೋ ಹೇಳು, ಸ್ಟಾಪ್ ಕೊಡ್ತೀನಿ" ಅಂದ.

"ನಗಬ್ಯಾಡ, ಬಂದು ಕೈ ಹಿಡಿ" ಅಂದೆ. ಬಸ್ಸು ನಿಲ್ಲಿಸಿ ಬಂದು ಇಳಿಸಿದ. ಒಳ್ಳೆಯವನು. ಗಿಂಡಿ ಎಣ್ಣೆ ಸೀರೆಗೆಲ್ಲ ಇಳಿದಿತ್ತು. ಮಾರನೇ ದಿನ ಮಂಡಿ ಊದಿಕೊಂಡು ಎದ್ದು ನಿಲ್ಲಾಕೆ ಆಗಲಿಲ್ಲ. ಬೀಗರು ಎರೆಯಾಕೆ ಒಬ್ಬಳನ್ನ ಗೊತ್ತು ಮಾಡಿದರು. ಆಮೇಲೆ ನನ್ನ ಮೊಮ್ಮಗಳು ನನಗೆ ಕಂಡಿದ್ದು ಅವರ ಮಾಳಿಗೆ ಮೇಲೆ. ಸೊಸೆ ಎತ್ತಿ ತೋರಿಸ್ತಿದ್ದಳು, ನಾನು ಗಿರಣಿ ಬಾಗಿಲಲ್ಲಿ ಕುರ್ಚಿ ಮೇಲೆ ಕುಂತು ನೋಡ್ತಿದ್ದೆ. ನಡುವೆ ಲಾರಿ ಬಂದರೆ ಲಾರಿ ಹೋಗೋ ತನಕ ಕಾಯಬೇಕು. ಎರೆದ ಮಗುವಿನ ಮೈ ವಾಸನೆ ಅಷ್ಟು ದೂರ ಬರಲ್ಲ.

ಹಂಗೆ ಕುಂತಿದ್ದಾಗ ಆ ಸಾಹೇಬರು ದೀಪದ ಕಂಬ ನೋಡಾಕೆ ಬಂದರು. ಕರೆದು ಬೈದೆ. ಗುರುತು ಹಾಕಿ, ನಂಬಿಸಿ, ಮುಚ್ಚಿದ್ರಲ್ಲಪ್ಪ, ನಿನಗೆ ಅಜ್ಜಿ ಇಲ್ವಾ ಅಂದೆ.

ಅವರು ನನ್ನ ಮುಖ ನೋಡಿದರು. "ಅಜ್ಜಿ, ಬೀಗರನ್ನ ಕೇಳ್ರಿ ಅಂದೋರು ನೀವು. ಅವರನ್ನ ಕೇಳಿದೆ. ಸಂದು ಬಿಟ್ರೆ ಗಾಡಿ ತಿರುಗ್ತವೆ, ನಮ್ಮ ಲಾರಿ ನಿಲ್ಲಿಸಾಕೆ ಆಗಲ್ಲ, ಮುಚ್ರಿ ಅಂದ್ರು. ಗಿರಣಿ ಅಜ್ಜಿ ಏನಂತಾರೆ ಅಂತ ಕೇಳಿದೆ. ಅವರೂ ಒಪ್ಪಿದಾರೆ, ಎರಡು ಮನೆ ಒಂದೇ ಅಂದ್ರು."

ಅಷ್ಟು ಹೇಳೋ ಹೊತ್ತಿಗೆ ನನ್ನ ಮಗ ಗಿರಣಿ ಚಾಲೂ ಮಾಡಿದ. ಒಳಗೆ ಬೀಸಾಕೆ ಒಂದು ಕಾಳೂ ಇರಲಿಲ್ಲ. ಬರೀ ಸದ್ದು, ಸಾಹೇಬರ ಮಾತು ಮುಳುಗಿಸಾಕೆ. ಸಾಹೇಬರು ಹೋದ ಮೇಲೆ ನಾನೇ ಹೋಗಿ ಸ್ವಿಚ್ ಆರಿಸಿದೆ.

"ನಿನಗೆ ಯಾವಾಗಿಂದ ಗೊತ್ತು?"

"ಬ್ಲಾಕು ಇಡೋಕೆ ಮುಂಚೆಯಿಂದ" ಅಂದ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗಿ ಜಗಳ ಮಾಡ್ತಿದ್ದೆ. ಅವಳು ದಿನ ತುಂಬಿದೋಳು ಅಲ್ಲಿ ಹೋಗಿದ್ಲು ಅವ್ವ. ಯಾರ ಕಡೆ ಮಾತಾಡಬೇಕಿತ್ತು ಅವಳು?"

ಅವನು ಹೇಳಿದ್ದು ಸರಿ. ಸರಿ ಇದ್ದದ್ದಕ್ಕೇ ಇನ್ನೂ ಉರೀತು. ನಾನು ಮಂಡಿ ಹಿಡಕೊಂಡು ಸರ್ಕಲ್ ಸುತ್ತಿ ಬರೋದನ್ನ ಇವನು ಈ ಬಾಗಿಲಲ್ಲಿ ನೋಡ್ತಿದ್ದ, ಅವರು ಆ ಬಾಗಿಲಲ್ಲಿ ನೋಡ್ತಿದ್ದರು. "ನಿಧಾನಕ್ಕೆ ಬರ್ರಿ ಬೀಗಿತ್ತಿ" ಅಂತಾನೂ ಅಂತಿದ್ದರು. ಸೊಸೆ, ಮಗು ಅವರ ಮನೆಯಲ್ಲಿದ್ದರು. ಬಾಯಿ ಬಿಟ್ಟರೆ ಬಾಣಂತಿ ಕಣ್ಣೀರು ಹಾಕಬೇಕು. ಬಾಯಿ ಕಟ್ಟಿಕೊಂಡು ಕಾದೆ.

ಇವತ್ತು ಬಂದರು. ಎದುರು ಮನೆಯಿಂದ ಎದುರು ಮನೆಗೆ ಕಾರು ಮಾಡ್ಕೊಂಡು, ಸರ್ಕಲ್ ಸುತ್ತಿ ಬಂದರು. ಮಗಳನ್ನ, ಮೊಮ್ಮಗಳನ್ನ ಇಳಿಸಿ ಬೀಗರೂ, ಅವರ ತಮ್ಮನ ಹೆಂಡತಿ ಆ ಚಿಕ್ಕಮ್ಮನೂ ಇಳಿದರು. ಮಗುವಿಗೆ ಎರೆದು ಮಲಗಿಸಿದ್ದಾಯ್ತು. ಸಂಜೆ ಊಟಕ್ಕೆ ಮುಂಚೆ ಬೀಗರು ಹಿತ್ತಲಲ್ಲಿ ಕಾಲು ತೊಳೀತಿದ್ದರು. ನೀರು ಕೊಡ್ತಾ ಹೇಳಿದೆ. ಉಣ್ಣೋ ತಟ್ಟೆ ಮುಂದೆ ಹೇಳಬಾರದು ಅಂತ ಅಲ್ಲೇ ಹೇಳಿದೆ.

"ಸಂದು ಮುಚ್ಚಿಸಿದೋರು ನೀವು. ನನ್ನ ಹೆಸರು ಹೇಳಿ ಮುಚ್ಚಿಸಿದ್ರಿ."

ಚೊಂಬು ಹಿಡಿದವರು ಹಂಗೇ ನಿಂತರು. "ಅಂಗಡಿ ನಡೀಬೇಕಲ್ಲ ಬೀಗಿತ್ತಿ. ಲೋಡು ಇಳಿಸಾಕೆ ಜಾಗ ಬೇಕಿತ್ತು. ನಿಮ್ಮನ್ನ ಕೇಳಿದ್ರೆ ಬ್ಯಾಡ ಅಂತಿದ್ರಿ."

"ಹೂಂ, ಬ್ಯಾಡ ಅಂತಿದ್ದೆ. ಅದಕ್ಕೇ ಕೇಳಬೇಕಿತ್ತು."

ಇನ್ನೊಂದು ಕಾಲಿಗೆ ನೀರು ಹುಯ್ಕೊಂಡು, "ಮತ್ತೆ ಹೋಗಿ ಕೇಳಿದೀನಿ, ತೆಗೀರಿ ಅಂತ. ಒಳಗೆ ದೀಪದ ವೈರು ಹೋಗೈತೆ, ಈಗ ಆಗಲ್ಲ ಅಂದ್ರು" ಅಂದರು.

"ಯಾವಾಗ ಕೇಳಿದ್ರಿ?"

"ಮೊನ್ನೆ."

"ಮಗು ಈ ಕಡೆ ಬರೋ ದಿನ ಗೊತ್ತಾದ ಮೇಲೆ."

ಟವೆಲ್ ಕೊಟ್ಟೆ, ಒರೆಸಿಕೊಂಡರು.

ಎಲ್ಲರೂ ಸಾಲಾಗಿ ಕುಂತರು. ಹೋಳಿಗೆ ಮಾಡಿದ್ದೆ, ಹೋಳಿಗೆ ಸಾರು, ಕೋಸಂಬರಿ, ಮೆಣಸಿನಕಾಯಿ. ನಮ್ಮ ಕಡೆ ಬೀಗರಿಗೆ ಬಡಿಸೋದು ಅಂದರೆ ಅವರು ಬ್ಯಾಡ ಬ್ಯಾಡ ಅನ್ನಬೇಕು, ನಾವು ಅಡ್ಡ ಹಿಡಿದ ಕೈ ಸರಿಸಿ ಹಾಕಬೇಕು. ಬಲವಂತ ಮಾಡದಿದ್ದರೆ ಉಂಡಿದ್ದು ಲೆಕ್ಕಕ್ಕೇ ಇಲ್ಲ. ಈ ಬೀಗರಂತೂ ಬಲವಂತಕ್ಕೇ ಹುಟ್ಟಿದೋರು. ನಾನು ಒಂದು ಹೋಳಿಗೆ ಹಾಕಿದೆ, ತುಪ್ಪ ಹಾಕಿದೆ, ಮುಂದಕ್ಕೆ ಹೋದೆ. ಎರಡನೇ ಸಲ ಬಂದಾಗ ಅಭ್ಯಾಸದ ಮೇಲೆ ಕೈ ಅಡ್ಡ ಹಿಡಿದು "ಬ್ಯಾಡ ಬೀಗಿತ್ತಿ, ಸಾಕು" ಅಂದರು.

"ಆಯ್ತು" ಅಂದೆ. ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ ಹಾಕಿದೆ.

ಮಗ ತಲೆ ಎತ್ತಲಿಲ್ಲ. ಸೊಸೆ ಅಪ್ಪನ ತಟ್ಟೆ ನೋಡಿದಳು, ನನ್ನ ನೋಡಿದಳು. ಅವಳಿಗೂ ಎಲ್ಲ ಗೊತ್ತಿತ್ತು ಅಂತ ನನಗೆ ಆಗ ಅನ್ನಿಸ್ತು. ಬೀಗರ ಕೈ ತಟ್ಟೆ ಮೇಲೆ ಅಡ್ಡ ಇದ್ದದ್ದು ಹಂಗೇ ಇತ್ತು. ಆಮೇಲೆ ತೆಗೆದರು. ಬರೀ ಅನ್ನ ಕಲಸಿದರು. ಒಳಗೆ ಮಗು ಎದ್ದು ಅತ್ತಿತು. ಅವರೇ ಮೊದಲು ಕತ್ತು ಹೊರಳಿಸಿದ್ದು. ನಾಳೆಯಿಂದ ಆ ಅಳು ಅವರ ಮನೇಲಿ ಕೇಳಲ್ಲ. ಹೊಟ್ಟೆ ತಣ್ಣಗಾಯ್ತು ಅಂತ ಬರೆದರೆ ನಿಜವೇ, ಸ್ವಲ್ಪ ಆಯ್ತು. ಪೂರ್ತಿ ಆಗಲಿಲ್ಲ.

ಹೋಗಿ ಎತ್ತಿಕೊಂಡು ಬಂದೆ. ಸುಮ್ಮನಾಯ್ತು.

"ಬೀಗಿತ್ತಿ" ಅಂದರು ಅವರು, ತಟ್ಟೆ ನೋಡ್ತಾ. "ಇನ್ನೊಂದು ಹೋಳಿಗೆ ಹಾಕ್ರಿ."

ಮಗಳನ್ನ ಕೊಟ್ಟ ಮನೆಯಲ್ಲಿ ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡ ಬೀಗರನ್ನ ನಾನು ನೋಡಿದ್ದಿಲ್ಲ. ಮಗುವನ್ನ ಎಡಗೈಯಲ್ಲಿ ಹಿಡಿದುಕೊಂಡೇ ಬಗ್ಗಿ ಹಾಕಿದೆ. ಒಂದೇ ಕೇಳಿದರು, ಒಂದೇ ಹಾಕಿದೆ. ತುಪ್ಪ ಸೊಸೆ ಹಾಕಿದಳು. ಆಮೇಲೆ ನಾನೂ ತಟ್ಟೆ ಹಾಕಿಕೊಂಡು ಮಗನ ಪಕ್ಕ ಕುಂತೆ. ಮಗು ತೊಡೆ ಮೇಲೆ ಮಲಗಿ ನನ್ನ ಬಳೆ ಎಳೀತಿತ್ತು. ಎಲ್ಲರೂ ಉಂಡೆವು.