ತೆಂಕಣ ಬಾಗಿಲು

ರಂಗಲಕ್ಷ್ಮಮ್ಮನ ತಟ್ಟೆ ಇಡ್ಲಿ ತಿನ್ನದೆ ಬಟವಾಡಿಯ ಆ ಗಲ್ಲಿಯಲ್ಲಿ ಒಂದು ಆಟೋವೂ ಸ್ಟಾರ್ಟ್ ಆಗುವುದಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಅಮೃತೂರಿನಿಂದ ಮದುವೆಯಾಗಿ ಬಂದವಳು. ಗಂಡ ಬೆಟ್ಟಸ್ವಾಮಿ ಗುಬ್ಬಿಯಿಂದ ಕುಣಿಗಲ್‌ಗೆ ಓಡಾಡುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಕುಡಿಯದಿದ್ದಾಗ ಅವನಂಥ ಒಳ್ಳೆಯವನಿಲ್ಲ. ಆದರೆ ಅವನು ಕುಡಿಯದೆ ಇರುತ್ತಿದ್ದುದೇ ಅಪರೂಪ. ಮೊದಲು ಬಸ್ಸಿನ ಕೆಲಸ ಹೋಯಿತು, ಆಮೇಲೆ ಹೊಟ್ಟೆ ಊದಿಕೊಂಡು ಆಸ್ಪತ್ರೆಯಲ್ಲಿ ಮಲಗಿದ. ‘ಇನ್ನೊಂದು ತೊಟ್ಟು ಒಳಗೆ ಹೋದರೆ ನನ್ನನ್ನು ಕೇಳಬೇಡಿ’ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು.

ರಂಗಲಕ್ಷ್ಮಮ್ಮ ಮನೆ ಎದುರಿನ ಆಂಜನೇಯನಿಗೆ ಹರಕೆ ಹೊತ್ತಳು. ಗಂಡ ಕುಡಿತ ಬಿಟ್ಟರೆ ಗುಡಿಗೊಂದು ಹಿತ್ತಾಳೆ ಗಂಟೆ. ಹರಕೆಯೋ ಹೆದರಿಕೆಯೋ, ಬೆಟ್ಟಸ್ವಾಮಿ ಬಿಟ್ಟೇಬಿಟ್ಟ. ಸಂಜೆಯಾಗುತ್ತಲೇ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸರಿಯಾಗಿ ಆ ಹೊತ್ತಿಗೆ ಅವಳು ಅವನ ಕೈಗೆ ತಾಳ ಕೊಟ್ಟು ಭಜನೆಗೆ ಅಟ್ಟುತ್ತಿದ್ದಳು. ಹೊಸ್ತಿಲು ದಾಟಿದರೆ ಗಲ್ಲಿ, ಗಲ್ಲಿ ದಾಟಿದರೆ ಗುಡಿಯ ತೆಂಕಣ ಬಾಗಿಲು. ದೇವರ ಮುಖ ಮೂಡಣಕ್ಕಿದ್ದರೂ ಆ ಕಡೆ ಯಾರದೋ ಹಳೇ ಶೆಡ್ಡು ಅಡ್ಡವಿದ್ದುದರಿಂದ ಎಲ್ಲರೂ ಈ ಸಣ್ಣ ಬಾಗಿಲಿನಿಂದಲೇ ಒಳಗೆ ಹೋಗುತ್ತಿದ್ದರು.

ಆ ಬಾಗಿಲೇ ಅವಳ ಕಣ್ಣಿಗೆ ಮುಳ್ಳಾಗಿತ್ತು. ಗುಡಿಯ ಬಾಗಿಲು ಮನೆ ಬಾಗಿಲಿಗೆ ಎದುರಾದರೆ ಆ ಮನೆ ಏಳಿಗೆಯಾಗುವುದಿಲ್ಲ, ಅದರಲ್ಲೂ ತೆಂಕಣ ಯಮನ ದಿಕ್ಕು ಎಂದು ಗುಬ್ಬಿಯ ಶಾಸ್ತ್ರದವರೊಬ್ಬರು ಹೇಳಿದ್ದರು. ಗಂಡನ ಕುಡಿತಕ್ಕೆ ಅದೇ ಕಾರಣವೆಂದು ಅವಳು ಗಟ್ಟಿಯಾಗಿ ನಂಬಿದ್ದಳು. ಗಂಡನನ್ನು ಬಯ್ಯುವುದಕ್ಕಿಂತ ಬಾಗಿಲನ್ನು ಬಯ್ಯುವುದು ಸುಲಭ, ಹೆಂಗಸರಿಗೆ ನಾವು ಬಿಟ್ಟುಕೊಟ್ಟಿರುವ ಸುಖವೇ ಅಷ್ಟು.

ಅಂಥ ಹೊತ್ತಿನಲ್ಲಿ ರವೀಶ ಬಂದ. ಗಲ್ಲಿಯ ಮೂಲೆಯ ಸೈಟು ಅವನದು. ಆ ಮೂಲೆಯಿಂದ ಮೇನ್ ರೋಡಿನುದ್ದಕ್ಕೂ ‘ಸಂಜೆ ಬೀದಿ’ ಮಾಡುತ್ತೇನೆಂದು ಹೊರಟಿದ್ದ. ತಿಂಡಿ ಸ್ಟಾಲು, ಹಾಡಿನ ಸ್ಟೇಜು, ಮಕ್ಕಳ ಆಟ, ಬಣ್ಣದ ದೀಪ. ‘ಮಜಾ ಮಾಡಕ್ಕೆ ನಮ್ ಜನ ಯಾಕ್ರೀ ಬೆಂಗ್ಳೂರ್ಗೆ ಹೋಗ್ಬೇಕು?’ ಎನ್ನುತ್ತಿದ್ದ. ಬಾರ್ ಎಂಬ ಮಾತು ಮಾತ್ರ ಅವನ ಬಾಯಿಂದ ಉದುರಲಿಲ್ಲ. ಆ ಹಳೇ ಶೆಡ್ಡನ್ನು ಕೊಂಡು ಕೆಡವಿಸಿ, ಜಾಗವನ್ನು ಗುಡಿಗೆ ಬಿಟ್ಟುಕೊಟ್ಟು, ಮೂಡಣಕ್ಕೆ ಮಹಾದ್ವಾರ ಕಟ್ಟಿಸುತ್ತೇನೆ ಎಂದ. ಗುಡಿಯ ಕಮಿಟಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು.

‘ಹಳೇ ಬಾಗ್ಲು ಇದ್ರೆ ಇರ್ಲಿ ಬುಡ್ರಿ, ಗಲ್ಲಿ ಮುದುಕ್ರಿಗೆ ಅನ್ಕೂಲ’ ಎಂದರು ಅಧ್ಯಕ್ಷ ಕದರಯ್ಯ.

ಗುಡಿಯಲ್ಲಿ ಸೇರಿದ್ದವರ ನಡುವೆ ಬಾಯಿ ಹಾಕಿದವಳು ರಂಗಲಕ್ಷ್ಮಮ್ಮ. ‘ಬ್ಯಾಡ ಕಣಣ್ಣ, ಮುಚ್ಚಿಸ್ಬುಡಿ. ಆ ಬಾಗ್ಲಿಂದ ನಾನು ಪಟ್ಟಿರೋ ಪಾಡು ಸಾಕು.’

‘ಅಕ್ಕನೇ ಹೇಳಿದ್ಮೇಲೆ ಇನ್ನೇನಣ್ಣ? ಮುಚ್ಚಿಸೋಣ’ ಎಂದ ರವೀಶ, ಬಲು ವಿನಯದಿಂದ.

ಬಾಗಿಲಿದ್ದ ಕಡೆ ಗೋಡೆ ಎದ್ದಿತು. ರಂಗಲಕ್ಷ್ಮಮ್ಮ ಓಲೆ ಮಾರಿ ತಂದ ಗಂಟೆಯನ್ನು ಮಹಾದ್ವಾರಕ್ಕೆ ಕಟ್ಟಿಸಿ, ಮೊದಲ ತೆಂಗಿನಕಾಯಿ ತಾನೇ ಒಡೆದಳು. ಕಾಯಿ ಸಮವಾಗಿ ಹೋಳಾಯಿತು. ಶುಭಶಕುನವಂತೆ!

ಹೊಸ ದ್ವಾರದ ಬಣ್ಣ ಇನ್ನೂ ಹೊಳೆಯುತ್ತಿರುವಾಗಲೇ ಮೂಲೆಯ ಸೈಟಿನಲ್ಲಿ ‘ಬಾರ್ ಅಂಡ್ ರೆಸ್ಟೋರೆಂಟ್’ ಬೋರ್ಡು ಎದ್ದಿತು. ರಂಗಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಅಬಕಾರಿ ಆಫೀಸಿಗೆ ಹೋದಳು. ‘ಗುಡಿ ಹತ್ರ ಹೆಂಗೆ ಸಾಮಿ ಹೆಂಡದಂಗ್ಡಿ?’

ಆಫೀಸರು ಕೆಟ್ಟವರಲ್ಲ. ಕೂರಿಸಿ ಬಿಡಿಸಿ ಹೇಳಿದರು. ‘ನೂರು ಮೀಟರ್ ಒಳಗಿದ್ರೆ ಕೊಡೋ ಹಂಗಿಲ್ಲಮ್ಮ, ನಿಜ. ಆದ್ರೆ ನಾವು ಅಳೆಯೋದು ಜನ ನಡೆಯೋ ದಾರೀಲಿ, ಬಾಗ್ಲಿಂದ ಬಾಗ್ಲಿಗೆ. ಈಗ ಗುಡಿ ಬಾಗ್ಲಿಗೆ ಮೇನ್ ರೋಡ್ ಸುತ್ಕೊಂಡು ಹೋಗ್ಬೇಕು, ನೂರು ದಾಟುತ್ತೆ. ಗಲ್ಲೀಲಿ ಒಂದು ಸಣ್ಣ ಬಾಗ್ಲಿತ್ತಂತೆ. ಅದಿದ್ದಿದ್ರೆ ಈ ಲೈಸೆನ್ಸ್ ಆಗ್ತಾನೇ ಇರ್ಲಿಲ್ಲ. ಯಾರು ಮುಚ್ಚಿಸಿದ್ರೋ ಪುಣ್ಯಾತ್ಮರು!’

ಅವಳು ಎದ್ದು ಬಂದಳು. ಆಟೋದಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು.

ಅಲ್ಲಿಂದ ಶುರುವಾಯಿತು ಅವಳ ಭಯ. ಬೆಟ್ಟಸ್ವಾಮಿ ಭಜನೆಗೆ ಹೋಗಬೇಕಾದರೆ ಬಾರಿನ ಮುಂದೆಯೇ ಹಾದು ಹೋಗಬೇಕು, ಬೇರೆ ದಾರಿಯೇ ಇಲ್ಲ. ಮೊದಮೊದಲು ಜೊತೆಗೆ ಹೋಗಿ ಬಿಟ್ಟು ಬರುತ್ತಿದ್ದಳು. ‘ನಾನೇನು ಎಳೇಮಗೂನಾ? ಜನ ನಗ್ತಾರೆ ಕಣೇ’ ಎಂದು ಅವನು ಸಿಡುಕಿದ. ‘ಗುಡಿ ಸೇರಿದ್ಮೇಲೆ ಎರಡು ಗಂಟೆ ಹೊಡೀತೀನಿ, ಕೇಳ್ಕೋ.’ ಅವನ ಕಾಲದ ಬಸ್ಸುಗಳಲ್ಲಿ ಒಂದು ಗಂಟೆ ಎಂದರೆ ನಿಲ್ಲು, ಎರಡು ಗಂಟೆ ಎಂದರೆ ಹೊರಡು.

ದಿನಾ ಸಂಜೆ ಅವಳು ಒಲೆ ಸಣ್ಣಗೆ ಮಾಡಿ ಕಿವಿಗೊಡುತ್ತಿದ್ದಳು. ಟಣ್, ಟಣ್. ಅಬ್ಬಾ, ತಲುಪಿದ ಎಂದು ಮುದ್ದೆ ತಿರುವಲು ಕೂರುತ್ತಿದ್ದಳು. ಎರಡು ಗಂಟೆ ಒಂದು ದಿನವೂ ತಪ್ಪಲಿಲ್ಲ. ಮನೆಗೆ ಬಂದವನು ಬಾಯಿ ತುಂಬ ವೀಳ್ಯದೆಲೆ ಜಗಿಯುತ್ತಿದ್ದ. ಪ್ರಸಾದದ ಎಲೆ ಎನ್ನುತ್ತಿದ್ದ. ಅವಳು ನಂಬಿದಳು. ನಂಬದೆ ಬದುಕುವುದು ಹೇಗೆ?

ಒಂದು ಶನಿವಾರ ವಡೆಹಾರ ಹಿಡಿದು ತಾನೂ ಗುಡಿಗೆ ಹೊರಟಳು. ಗಂಟೆ ಆಗಲೇ ಎರಡು ಸಲ ಬಡಿದಿತ್ತು. ಒಳಗೆ ಭಜನೆ ನಡೆದಿತ್ತು, ತಾಳ ಇನ್ಯಾರದೋ ಕೈಯಲ್ಲಿತ್ತು.

‘ಬೆಟ್ಟಸ್ವಾಮಿ ಎಲ್ಲಣ್ಣ?’

ಕದರಯ್ಯ ಮುಖ ಆ ಕಡೆ ತಿರುಗಿಸಿದರು. ‘ಅವ್ನು ಒಳಗೆಲ್ಲಿ ಬತ್ತಾನಮ್ಮ? ಬಂದು ಗಂಟೆ ಹೊಡ್ದು ಹಂಗೇ ವಾಪಸ್ ಹೋಯ್ತಾನೆ. ಭಾಳ ದಿನ ಆಯ್ತು. ನಿಂಗೆ ಗೊತ್ತೇನೋ ಅಂದ್ಕೊಂಡಿದ್ದೆ.’

ವಡೆಹಾರವನ್ನು ಅಲ್ಲೇ ಇಟ್ಟು ಅವಳು ಸರಸರನೆ ಮನೆಗೆ ಬಂದು ಹಾರೆ ಹಿಡಿದು, ಎದುರಿನ ಗುಡಿಯ ಬಾಗಿಲು ಮುಚ್ಚಿದ್ದ ಗೋಡೆಗೆ ಹಾಕಿದಳು. ಒಂದು ಇಟ್ಟಿಗೆ ಬಿತ್ತು, ಇನ್ನೊಂದು ಬಿತ್ತು. ಸದ್ದಿಗೆ ಗಲ್ಲಿಯೆಲ್ಲ ಸೇರಿತು. ಕದರಯ್ಯ ಏದುಸಿರು ಬಿಡುತ್ತ ಸುತ್ತಿಕೊಂಡು ಬಂದರು. ‘ಏನ್ ಮಾಡ್ತಿದೀಯ ತಾಯಿ? ಶನಿವಾರದ ಅನ್ನದಾನ ರವೀಶಂದು! ಈ ಬಾಗ್ಲು ತೆಗೆದ್ರೆ ಅವ್ನು ಸುಮ್ನಿರ್ತಾನಾ?’

‘ನನ್ ಗಂಡ ಸಾಯ್ತಾನೆ ಕಣಣ್ಣ!’

ಅವಳು ಮತ್ತೆ ಹಾರೆ ಎತ್ತಿದಳು. ಹಿಂದಿನಿಂದ ಒಂದು ಕೈ ಅದನ್ನು ಹಿಡಿಯಿತು. ಬೆಟ್ಟಸ್ವಾಮಿ, ಕಣ್ಣು ಕೆಂಡದ ಹಾಗೆ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

‘ಬುಡು ಕಣೇ’ ಎಂದ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. ‘ದೇವ್ರ ಗೋಡೆ. ಪಾಪ ಬತ್ತದೆ.’

ಸೋಮವಾರ ಗೋಡೆಗೆ ಸಿಮೆಂಟು ಮೆತ್ತಿಸಿದರು. ರಂಗಲಕ್ಷ್ಮಮ್ಮ ಕಮಿಟಿಯವರನ್ನು ಕೇಳಿದ್ದು ಒಂದೇ, ತನ್ನ ಗಂಟೆ ಬಿಚ್ಚಿಕೊಡಿ ಎಂದು. ದೇವರಿಗೆ ಕೊಟ್ಟದ್ದನ್ನು ವಾಪಸ್ಸು ಕೇಳಬಾರದು ಎಂದರು.

ಈಗಲೂ ಸಂಜೆಯಾದರೆ ಬೆಟ್ಟಸ್ವಾಮಿ ಗಂಟೆಯನ್ನು ಎರಡು ಸಲ ಬಡಿಯುತ್ತಾನೆ. ರಂಗಲಕ್ಷ್ಮಮ್ಮ ಒಂದೇ ಮುದ್ದೆ ಕಟ್ಟಿ, ಒಂದೇ ತಟ್ಟೆ ಹಾಕಿಕೊಂಡು ಊಟಕ್ಕೆ ಕೂರುತ್ತಾಳೆ.